ಇಣುಕಬಾರದ ಬಾವಿ

ಎರಡನೆಯ ಬಕೆಟ್ಟು ಅರ್ಧ ತುಂಬಿತ್ತು. ಇನ್ನು ಹತ್ತು ಸಲ ಪಂಪಿನ ಹಿಡಿ ಒತ್ತಿದರೆ ಒಂದು ಬಕೆಟ್ಟು ಅಡುಗೆಮನೆಗೆ, ಇನ್ನೊಂದು ಮಂದಿರದ ಮೆಟ್ಟಿಲಿಗೆ. ಆಮೇಲೆ ಮಗಳನ್ನು ಎಬ್ಬಿಸಬೇಕು, ಅತ್ತೆಗೆ ಮಾತ್ರೆ ಕೊಡಬೇಕು, ಏಳೂವರೆಯ ಪ್ರಾರ್ಥನೆಗೆ ಜನ ಬರುವಷ್ಟರಲ್ಲಿ ಹಜಾರ ಗುಡಿಸಿ ಒರೆಸಿ ಮುಗಿಸಿರಬೇಕು. ಬೆಳಗಿನ ಹೊತ್ತು ಅವಳ ತಲೆಯಲ್ಲಿ ಓಡುತ್ತಿದ್ದುದು ಇಷ್ಟೇ. ಅಷ್ಟರಲ್ಲಿ ಹಿತ್ತಲ ಗೇಟು ಕಿರ್ರೆಂದಿತು.

ಬಂದವರು ಹಸಿರು ಮೇಷ್ಟ್ರು. ಅವರ ಹಿಂದೆ ಇಬ್ಬರು. ಒಬ್ಬನ ಹೆಗಲ ಮೇಲೆ ದಪ್ಪ ಹಗ್ಗದ ಸುರುಳಿ, ಇನ್ನೊಬ್ಬನ ಕೈಯಲ್ಲಿ ಎರಡು ಹಾರೆ.

"ಏನಮ್ಮಾ, ನಾಡಿದ್ದು ಬರ್ತೀವಿ ಅಂದಿದ್ದೆ, ಇವತ್ತೇ ಬಂದ್ಬಿಟ್ವಿ. ಇವರಿಗೆ ನಾಡಿದ್ದು ಬೇರೆ ಕಡೆ ಕೆಲಸ ಇದೆಯಂತೆ."

"ಎಲ್ಲಿಗೆ ಸಾರ್?" ಎಂದಳು ಅವಳು, ಗೊತ್ತಿದ್ದೂ.

"ಎಲ್ಲಿಗೆ ಅಂದ್ರೆ? ಬಾವಿಗೆ! ಚಪ್ಪಡಿ ಎತ್ತಿ ಹೂಳು ತೆಗೆಸಿಬಿಟ್ರೆ ಮಳೆ ಬರೋ ಹೊತ್ತಿಗೆ ಚಾವಣಿ ನೀರೆಲ್ಲ ಅದಕ್ಕೇ."

ಪಂಪಿನ ಹಿಡಿ ಅವಳ ಕೈಯಿಂದ ಜಾರಿ ಮೇಲಕ್ಕೆ ಹಾರಿತು. ಬಕೆಟ್ಟಿನ ನೀರು ಅಲುಗಾಡಿ ನಿಂತಿತು, ಅವಳ ಕೈ ಮಾತ್ರ ನಿಲ್ಲಲಿಲ್ಲ.

ಮೇಷ್ಟ್ರು ಯಾವುದೋ ಕಾಲದಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು. ನಿವೃತ್ತರಾದ ಮೇಲೆ ಮಂದಿರದ ಕಮಿಟಿಗೆ ಸೇರಿ, ಈ ಮಂದಿರವನ್ನು ಹಸಿರು ಮಾಡಿಯೇ ತೀರುತ್ತೇನೆ ಎಂದು ಟೊಂಕ ಕಟ್ಟಿ ನಿಂತಿದ್ದರು. ಒಂದೇ ವರ್ಷದಲ್ಲಿ ಕಾಗದದ ಲೋಟ ಹೋಗಿ ತೊಳೆಯುವ ಲೋಟ ಬಂತು. ಕಳೆಗೆ ಔಷಧಿ ಹೊಡೆಯುವುದು ನಿಂತಿತು. ಬಾಡಿದ ಹೂವಿಗೆ ಗೊಬ್ಬರದ ಗುಂಡಿ ಆಯಿತು. ಚಾವಣಿಯ ಮೇಲೆ ಸೋಲಾರ್ ಹಲಗೆಗಳು ಕೂತವು, ಹಜಾರದ ಹಳೆಯ ಟ್ಯೂಬ್‌ಲೈಟುಗಳೆಲ್ಲ ಇಳಿದು ಎಲ್‌ಇಡಿ ಏರಿದವು. "ಸ್ವಲ್ಪ ಹೊತ್ತು ಸುಮ್ಮನೆ ಕೂತ್ರೆ ಮೇಷ್ಟ್ರು ನಮ್ಮ ಗಡ್ಡಕ್ಕೂ ಗೊಬ್ಬರ ಹಾಕ್ತಾರೆ" ಎಂದು ಹಿರಿಯರು ನಗುತ್ತಿದ್ದರು. ಅವಳಿಗೂ ಮೇಷ್ಟ್ರೆಂದರೆ ಇಷ್ಟವೇ. ಅವರು ಬಂದ ಮೇಲೆ ಲೋಟ ತೊಳೆಯುವ ಕೆಲಸ ಹೆಚ್ಚಿತ್ತು ನಿಜ, ಆದರೆ ತೊಳೆದದ್ದನ್ನು ಒರೆಸಿಡಲು ಅವರೂ ಬಟ್ಟೆ ಹಿಡಿದು ನಿಲ್ಲುತ್ತಿದ್ದರು.

ಬಾವಿಯ ವಿಷಯವನ್ನು ಮಾತ್ರ ಅವಳು ಅವರಿಗೆ ಹೇಳಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಮದುವೆಯಾಗಿ ಮಂದಿರದ ಹಿಂದಿನ ಈ ಎರಡು ಕೋಣೆಗೆ ಬಂದಾಗ, ಪೊರಕೆಯ ಜೊತೆಗೆ ಅತ್ತೆ ಒಂದು ನಿಯಮವನ್ನೂ ಅವಳ ಕೈಗೆ ಕೊಟ್ಟಿದ್ದರು. ಹಜಾರದ ಒಳಗೆ ಸೇವೆ ಮಾಡಿದ ವಸ್ತು ಬೀದಿಯ ಕಸದ ಗಾಡಿಗೆ ಹೋಗಬಾರದು. ಹರಿದ ಚಾಪೆಯಾಗಲಿ, ಒಡೆದ ಬಟ್ಟಲಾಗಲಿ, ಸವೆದ ಪೊರಕೆಯಾಗಲಿ, ಹಿತ್ತಲ ಹಳೆ ಬಾವಿಗೆ ಸೇರಬೇಕು. ಮಂದಿರಕ್ಕೆ ನಲ್ಲಿ ಬಂದ ವರ್ಷ ಆ ಬಾವಿಯ ಮೇಲೆ ಕಲ್ಲು ಚಪ್ಪಡಿ ಮುಚ್ಚಿದ್ದರು. ನಡುವೆ ಮೊಳ ಅಗಲದ ಒಂದು ಚೌಕ ಕಿಂಡಿ, ಅದಕ್ಕೊಂದು ಮರದ ಮುಚ್ಚಳ. "ಹಣೆಗೆ ಮುಟ್ಟಿಸಿಕೋ, ಕಣ್ಣು ಮುಚ್ಚು, ಬಿಟ್ಟುಬಿಡು. ಇಣುಕಬಾರದು" ಎಂದಿದ್ದರು ಅತ್ತೆ. "ಊರಿಗೆಲ್ಲ ಸಾರಿಕೊಂಡು ಬರಬಾರದು. ಇದು ಗುಡಿಸೋರಿಗೂ ದೇವರಿಗೂ ಮಧ್ಯೆ ಇರೋದು."

ಅವಳು ಹಾಗೆಯೇ ಮಾಡಿದ್ದಳು. ಕಮಿಟಿಯವರು ಯಾರೂ ಹಳೆ ಸಾಮಾನು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರಲ್ಲ. ಹೋಗಬೇಕಾದಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದರು. ಅತ್ತೆಯ ಕಾಲದಲ್ಲಿ ಮಣ್ಣಿನ ಬಟ್ಟಲು, ಹುಲ್ಲಿನ ಚಾಪೆ. ಅವಳ ಕಾಲಕ್ಕೆ ಎಮರ್ಜೆನ್ಸಿ ಲೈಟಿನ ಬ್ಯಾಟರಿ, ಬಣ್ಣದ ಡಬ್ಬಿ, ಗೆದ್ದಲಿನ ಔಷಧಿಯ ಡಬ್ಬಿ. ಎರಡು ಸಲ ಇನ್ವರ್ಟರಿನ ದೊಡ್ಡ ಬ್ಯಾಟರಿಯನ್ನೂ ಗೋಣಿಚೀಲದ ಮೇಲಿಟ್ಟು, ಗಂಡನ ಕೈಯಲ್ಲಿ ಎಳೆಸಿಕೊಂಡು ಬಂದು ಹಾಕಿದ್ದಳು. ಎಲ್ಲವನ್ನೂ ಹಣೆಗೆ ಮುಟ್ಟಿಸಿಕೊಂಡೇ. ದೊಡ್ಡ ಬ್ಯಾಟರಿ ಎತ್ತಲಾಗದೆ ಅದಕ್ಕೆ ತಾನೇ ಬಗ್ಗಿ ಹಣೆ ಮುಟ್ಟಿಸಿದ್ದಳು.

ಎರಡು ತಿಂಗಳ ಹಿಂದೆ ಇಳಿದದ್ದು ಮೂವತ್ತೆರಡು ಟ್ಯೂಬ್‌ಲೈಟು. "ಇವನ್ನ ಶೆಡ್ಡಲ್ಲಿ ಜೋಪಾನವಾಗಿಡಮ್ಮಾ, ಒಳಗೆ ಪಾದರಸ ಇರುತ್ತೆ. ಇದಕ್ಕೇ ಅಂತ ಒಂದು ಗಾಡಿ ಬಂದು ತಗೊಂಡು ಹೋಗುತ್ತೆ" ಎಂದಿದ್ದರು ಮೇಷ್ಟ್ರು. ಅವಳು ಇಟ್ಟಿದ್ದಳು. ಶೆಡ್ಡಿನಲ್ಲಿ ಪಂಕ್ಚರಾದ ಟಯರಿನ ಜೊತೆ ಅವು ಒರಗಿ ನಿಂತದ್ದನ್ನು ನೋಡಿ ಅತ್ತೆ ಊಟ ಬಿಟ್ಟು ಕೂತರು. "ನಲವತ್ತು ವರ್ಷ ದೇವರ ಮುಂದೆ ಉರಿದದ್ದನ್ನ ಟಯರಿನ ಪಕ್ಕ ನಿಲ್ಸಿದ್ದೀಯಲ್ಲೇ." ಮರುದಿನ ಅವಳು ಒಂದೊಂದಾಗಿ ಅವನ್ನು ಕಿಂಡಿಯಿಂದ ಬಿಟ್ಟಳು. ಮಗಳು ಗುಬ್ಬಿ ಒಂದೊಂದನ್ನೇ ಎರಡು ಕೈಯಲ್ಲಿ ಹಿಡಿದು ತಂದುಕೊಟ್ಟಿದ್ದಳು, ಮಗುವನ್ನು ಎತ್ತಿಕೊಂಡ ಹಾಗೆ. ಕೆಳಗಿನಿಂದ ಪ್ರತಿ ಸಲವೂ ಟಪ್ ಎಂದು ಸದ್ದು ಬರುತ್ತಿತ್ತು.

ಗಾಡಿ ಬಂದ ದಿನ ಮೇಷ್ಟ್ರು ಕೇಳಿದಾಗ ಅವಳು, "ಯಾರೋ ಎತ್ಕೊಂಡು ಹೋಗಿದ್ದಾರೆ ಸಾರ್" ಎಂದಿದ್ದಳು. ಮೇಷ್ಟ್ರು ಬೀದಿಯ ಗುಜರಿಯವನನ್ನು ಹಿಡಿದು ಬೈದರು. ಅವನು ತಾನು ಮುಟ್ಟೇ ಇಲ್ಲ ಎಂದು ಮಕ್ಕಳ ಮೇಲೆ ಆಣೆ ಇಟ್ಟ. ಗುಬ್ಬಿ ಬಾಗಿಲ ಹಿಂದೆ ನಿಂತು ಅಷ್ಟನ್ನೂ ಕೇಳಿಸಿಕೊಂಡಿದ್ದಳು.

ಈಗ ಆ ಇಬ್ಬರು ಚಪ್ಪಡಿಯ ಸಂದಿಗೆ ಹಾರೆ ಕೊಟ್ಟಿದ್ದರು.

ಅವಳ ತಲೆಯೊಳಗೆ ಮೊದಲು ಬಂದದ್ದು ಈ ಎರಡು ಕೋಣೆ. ಸುಳ್ಳು ಹೇಳಿದ್ದು ಗೊತ್ತಾದರೆ ಕಮಿಟಿಯವರು ಇಟ್ಟುಕೊಳ್ಳುತ್ತಾರೆಯೇ? ಪಾತ್ರೆ ಪಗಡ ಕಟ್ಟಿಕೊಂಡು, ಮೊಣಕಾಲು ಮಡಚಲಾಗದ ಅತ್ತೆಯನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು? ಅವಳು ಬಕೆಟ್ಟನ್ನು ಒಳಗೆ ತಂದಿಟ್ಟು ಸುಮ್ಮನೆ ನಿಂತಳು. ಯಾಕೆ ಒಳಗೆ ಬಂದೆ ಎಂಬುದೇ ಮರೆತುಹೋಗಿತ್ತು.

"ಯಾರೇ ಅದು ಬಂದಿರೋದು?" ಎಂದರು ಅತ್ತೆ ಮಂಚದಿಂದ. ಅವರಿಗೆ ಕಿವಿ ಅರ್ಧ ಕೇಳುತ್ತಿತ್ತು, ಅದೂ ಬೇಡದ್ದು ಮಾತ್ರ.

"ಬಾವಿ ತೆಗೀತಿದ್ದಾರೆ ಅತ್ತೆ."

ಅತ್ತೆ ಮಂಚದ ಅಂಚು ಹಿಡಿದು ಏಳಲು ನೋಡಿದರು.

ಹೊರಗೆ ಬಂದು ನೋಡಿದರೆ ಗುಬ್ಬಿ ಆಗಲೇ ಎದ್ದು, ಕೆದರಿದ ತಲೆಯಲ್ಲೇ ಮೇಷ್ಟ್ರ ಪಕ್ಕ ನಿಂತಿದ್ದಳು. ಎಂಟು ವರ್ಷದ ಮಗು. ಎಲ್ಲಿ ಸದ್ದಾದರೂ ಅಲ್ಲಿರುತ್ತಾಳೆಂದೇ ಅವಳಿಗೆ ಆ ಹೆಸರು. ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ಬಾವಿ ಕೆಲಸದವನು ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಮೂಗು ಅರಳಿಸುತ್ತಿದ್ದ.

"ವಾಸನೆ ಒಂಥರಾ ಇದೆಯಲ್ಲ ಭಾವ" ಎಂದ ಅವನ ಜೊತೆಗಿದ್ದವನು.

"ನಿನ್ನ ಬಾಯಿ ಮುಚ್ಚು, ವಾಸನೆ ನಿಂತುಹೋಗುತ್ತೆ" ಎಂದ ಇವನು. ಭಾಮೈದ ಹೆ ಹೆ ಎಂದು ನಕ್ಕ. ಇವನು ನಗಲಿಲ್ಲ. ಹಗ್ಗಕ್ಕೆ ಲಾಂದ್ರ ಕಟ್ಟಿ ನಿಧಾನವಾಗಿ ಇಳಿಬಿಟ್ಟ. "ದೀಪ ಆರಲಿಲ್ಲ, ಗಾಳಿ ಪರವಾಗಿಲ್ಲ. ಬೇಸಿಗೆ ಅಲ್ವಾ, ನೀರು ಮೊಣಕಾಲುದ್ದ ಇರಬಹುದು. ಹೂಳು ಮಾತ್ರ ಜಾಸ್ತಿ ಇರೋ ಹಾಗಿದೆ, ಏನೇನೋ ಹೊಳೀತಿದೆ."



"ಮೇಷ್ಟ್ರೇ, ಚಾವಣಿ ನೀರನ್ನ ಬಾವಿಗೆ ಯಾಕೆ ಹಾಕೋದು?" ಎಂದಳು ಗುಬ್ಬಿ.

ಪ್ರಶ್ನೆ ಕೇಳುವವರು ಸಿಕ್ಕರೆ ಮೇಷ್ಟ್ರಿಗೆ ತಿಂಡಿಯೂ ಬೇಡ. ಗೋಡೆ ಕೆಲಸಕ್ಕೆ ತರಿಸಿದ್ದ ಮರಳ ರಾಶಿಯ ಪಕ್ಕ ಕೂತೇಬಿಟ್ಟರು. ಬೊಗಸೆ ಗಾತ್ರದ ಎರಡು ಗುಂಡಿ ತೋಡಿದರು, ನಡುವೆ ಒಂದು ಗೇಣು ಅಂತರ. "ಇದು ಬಾವಿ ಅಂದ್ಕೋ. ಇದು ನಿಮ್ಮ ಮನೆ ಪಂಪು. ಮೇಲಿನಿಂದ ನೋಡಿದ್ರೆ ಬೇರೆ ಬೇರೆ. ಆದ್ರೆ ನೆಲದೊಳಗೆ ಗೋಡೆ ಇರಲ್ಲ ನೋಡು." ಒಂದು ಲೋಟ ನೀರು ತರಿಸಿ, ಇಟ್ಟಿಗೆಯ ಪುಡಿಯನ್ನು ಅದರಲ್ಲಿ ಕಲಸಿ, ಮೊದಲ ಗುಂಡಿಗೆ ನಿಧಾನವಾಗಿ ಹೊಯ್ದರು. ನೀರು ಇಂಗಿತು. ಇನ್ನಷ್ಟು ಹೊಯ್ದರು. ಸ್ವಲ್ಪ ಹೊತ್ತಿಗೆ ಎರಡನೆಯ ಗುಂಡಿಯ ತಳ ಒದ್ದೆಯಾಯಿತು. ಆಮೇಲೆ ಒಂದು ಚಮಚದಷ್ಟು ನೀರು ತಾನಾಗಿಯೇ ಅಲ್ಲಿ ಮೂಡಿ ನಿಂತಿತು. ಅದರ ಬಣ್ಣ ಕೆಂಪು.

"ಹಾಂ!" ಎಂದಳು ಗುಬ್ಬಿ.

"ಅದಕ್ಕೇ, ಇದಕ್ಕೆ ಒಳ್ಳೇ ನೀರು ಹಾಕಿದ್ರೆ ಅದಕ್ಕೂ ಒಳ್ಳೇ ನೀರು. ಒಂದೇ ತಟ್ಟೆಯಲ್ಲಿ ಇಬ್ಬರು ಉಂಡ ಹಾಗೆ" ಎಂದು ಮೇಷ್ಟ್ರು ಸಂತೋಷದಿಂದ ಕೈ ಕೊಡವಿಕೊಂಡರು.

ಅವಳು ಆ ಕೆಂಪು ನೀರನ್ನೇ ನೋಡುತ್ತಿದ್ದಳು. ಬಾವಿಯಿಂದ ಪಂಪಿಗೆ ಹದಿನೈದು ಹೆಜ್ಜೆ. ದಿನಕ್ಕೆ ಎಷ್ಟು ಸಲ ನಡೆದಿದ್ದಾಳೋ ಲೆಕ್ಕವಿಲ್ಲ. ಮಂದಿರಕ್ಕೆ ಬರುವವರು ಮುಂಬಾಗಿಲ ನಲ್ಲಿಯ ನೀರು ಕುಡಿಯುತ್ತಾರೆ. ಹಿಂದಿನ ಎರಡು ಕೋಣೆಯವರಿಗೆ ಮಾತ್ರ ಪಂಪಿನ ನೀರು. ನಲ್ಲಿಯ ನೀರಿಗೆ ಔಷಧಿಯ ವಾಸನೆ, ನಮ್ಮ ಪಂಪಿನ ನೀರು ಸಿಹಿ ಎಂದು ಬಂದವರಿಗೆಲ್ಲ ಹೇಳಿಕೊಂಡು ಕೊಟ್ಟಿದ್ದಳು. ಗುಬ್ಬಿ ಹೊಟ್ಟೆಯಲ್ಲಿದ್ದಾಗ ಕುಡಿದದ್ದು ಅದನ್ನೇ. ಮೊದಲ ಗಂಜಿ ಬೇಯಿಸಿದ್ದೂ ಅದರಲ್ಲೇ. ಜ್ವರ ಬಂದಾಗ ಚಮಚದಲ್ಲಿ ಹನಿ ಹನಿ ಕುಡಿಸಿದ್ದು, ಅದನ್ನೇ.

ಅಲ್ಲಿಯ ತನಕ ಅವಳನ್ನು ಹಿಡಿದಿದ್ದ ಭಯ ಎರಡು ಕೋಣೆಯ ಭಯ. ಅದು ಎಲ್ಲಿ ಹೋಯಿತೋ.

ಗುಬ್ಬಿ ಪಂಪಿನ ಬಳಿ ಓಡಿ, ಲೋಟ ತೊಳೆದು, ತುಂಬಿಸಿ ಬಾಯಿಗಿಟ್ಟಳು.

ತಾನು ಓಡಿದ್ದು ಅವಳಿಗೆ ಗೊತ್ತಾಗಲಿಲ್ಲ. ಲೋಟಕ್ಕೆ ಬಿದ್ದ ಏಟು ಮಾತ್ರ ಗೊತ್ತಾಯಿತು. ಅದು ಠಣ್ಣೆಂದು ಕಲ್ಲಿನ ಮೇಲೆ ಬಿದ್ದು ಉರುಳಿತು. ಗುಬ್ಬಿಯ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಮಗು ಅಳಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಕೈ ಎತ್ತದ ತಾಯಿಯನ್ನು ಕಣ್ಣು ಪಿಳಿಪಿಳಿ ಬಿಟ್ಟು ನೋಡಿತು.

"ಉಗುಳು. ಉಗುಳೇ!"

"ನುಂಗಿಬಿಟ್ಟೆ ಅಮ್ಮ."

ಅವಳು ತಿರುಗಿದಳು. ಬಾವಿ ಕೆಲಸದವನು ಚಪ್ಪಲಿ ಕಳಚಿಟ್ಟು, ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಒಂದು ಬರಿಗಾಲನ್ನು ಒಳಗೆ ಇಳಿಬಿಟ್ಟಿದ್ದ. ಭಾಮೈದ ಹಗ್ಗದ ತುದಿಯನ್ನು ಮರಕ್ಕೆ ಕಟ್ಟಿ ಎಳೆದು ನೋಡುತ್ತಿದ್ದ.

ಸುಮ್ಮನಿದ್ದರೂ ಆಗುತ್ತಿತ್ತು. ಅವನು ಇಳಿದು ಗಾಜು ಕಂಡು ಕೂಗಿದರೆ, ಯಾರು ಹಾಕಿದರೋ ಎಂದು ಎಲ್ಲರ ಜೊತೆ ತಾನೂ ಕೆನ್ನೆಗೆ ಕೈ ಹಚ್ಚಿ ನಿಲ್ಲಬಹುದಿತ್ತು. ಆ ಯೋಚನೆ ಬಂದು ಹೋಯಿತು, ಸುಳ್ಳಲ್ಲ. ಆದರೆ ಆ ಬರಿಗಾಲು. ಮೂವತ್ತೆರಡು ಟ್ಯೂಬಿನ ಗಾಜು. ಮತ್ತೆ ಈ ಒದ್ದೆ ಗಲ್ಲ. ಬಾವಿಯಲ್ಲಿ ಏನೇನಿದೆ ಎಂದು ತಾನು ಹೇಳದಿದ್ದರೆ ಪಂಪಿನ ನೀರಿನಲ್ಲಿ ಏನಿದೆ ಎಂದು ಯಾರು ಹುಡುಕುತ್ತಾರೆ?

"ಅಣ್ಣಾ, ಇಳೀಬೇಡ! ಕಾಲು ತೆಗಿ, ತೆಗಿ!"

"ಯಾಕಕ್ಕಾ, ಹಾವಾ?"

"ಗಾಜಿದೆ. ಬ್ಯಾಟರಿ ಇದೆ." ಅವಳು ಮೇಷ್ಟ್ರ ಕಡೆ ತಿರುಗಿದಳು. "ಸಾರ್, ಆ ಟ್ಯೂಬ್‌ಲೈಟು ಯಾರೂ ಕದ್ದಿಲ್ಲ. ನಾನೇ ಹಾಕಿದ್ದು ಇದರೊಳಗೆ. ಎಲ್ಲಾ ನಾನೇ ಹಾಕಿದ್ದು."

ಬಾವಿ ಕೆಲಸದವನು ಬಿಸಿ ಮುಟ್ಟಿದವನಂತೆ ಕಾಲು ಎಳೆದುಕೊಂಡ. ಮೇಷ್ಟ್ರು ಅವಳನ್ನೇ ನೋಡಿದರು, ಮರಳಿನ ಎರಡು ಗುಂಡಿ ನೋಡಿದರು, ಆಮೇಲೆ ಪಂಪಿನ ಬಳಿ ಉರುಳಿದ್ದ ಲೋಟ ನೋಡಿದರು. ಅವರ ಮುಖದ ಬಣ್ಣ ಇಳಿಯುವುದನ್ನು ಅವಳು ಕಂಡಳು. ಬೈದಿದ್ದರೆ ವಾಸಿಯಿತ್ತು. ಅವರು ಚಪ್ಪಡಿಯ ಮೇಲೆ ಮೆಲ್ಲಗೆ ಕೂತರು.

"ಎಷ್ಟು ವರ್ಷದಿಂದ?"

"ಹನ್ನೊಂದು ಸಾರ್."

"ಅದಕ್ಕೆ ಮುಂಚೆ ನಾನು!" ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಅವಳನ್ನ ಏನೂ ಅನ್ನಬೇಡಿ. ಹೇಳಿಕೊಟ್ಟಿದ್ದು ನಾನು. ನಮ್ಮ ಕಾಲದಲ್ಲಿ ಮಣ್ಣಿಂದ ಬಂದಿದ್ದು ಮಣ್ಣಿಗೇ ಹೋಗ್ತಿತ್ತು. ನೀವು ಒಳಗೆ ಏನೇನೋ ತಂದು ತಂದು ಇಟ್ರಿ, ಅದು ಮಣ್ಣಾಗಲ್ಲ ಅಂತ ನಮಗೆ ಯಾರು ಹೇಳಿದ್ರು?"

"ನಾನು ಹೇಳಿದ್ದೆ. ಪಾದರಸ ಅಂತ ಹೇಳಿದ್ದೆ" ಎಂದು ಮೇಷ್ಟ್ರು ತಮಗೇ ಎಂಬಂತೆ ಅಂದರು. "ಯಾಕೆ ಅಂತ ಹೇಳಲಿಲ್ಲ."

ಆಮೇಲೆ ಎದ್ದು, ಭಾಮೈದನ ತಲೆಯ ಕೆಂಪು ವಸ್ತ್ರ ಕೇಳಿ ಇಸಿದುಕೊಂಡು, ಪಂಪಿನ ಹಿಡಿಗೆ ಬಿಗಿಯಾಗಿ ಗಂಟು ಹಾಕಿದರು. ಒಂದು ಬಾಟಲಿಗೆ ಪಂಪಿನ ನೀರು, ಇನ್ನೊಂದಕ್ಕೆ ಬಾವಿಯದು. ಎರಡರ ಮೇಲೂ ಚೀಟಿ ಅಂಟಿಸಿದರು. "ಪರೀಕ್ಷೆಗೆ ಕೊಡ್ತೀನಿ. ನಾಲ್ಕು ದಿನ ಆಗುತ್ತೆ. ಅಲ್ಲಿಯವರೆಗೆ ಈ ನೀರು ಕುಡಿಯೋದೂ ಬೇಡ, ಅಡುಗೆಗೂ ಬೇಡ." ಗೇಟಿನ ತನಕ ಹೋಗಿ ತಿರುಗಿ ನಿಂತರು. "ಗುಜರಿಯವನ ಹತ್ರ ನಾನು ಕ್ಷಮೆ ಕೇಳಬೇಕು" ಎಂದರು.

ನಾಲ್ಕು ದಿನ ಅಂದರೆ ಎಷ್ಟು ಉದ್ದ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಸಂಜೆ ಬಂದವನು ಸುದ್ದಿ ಕೇಳಿ, ಕೈಯ ಎಣ್ಣೆಜಿಡ್ಡನ್ನೂ ತೊಳೆಯದೆ, ಎರಡು ಕ್ಯಾನು ಎತ್ತಿಕೊಂಡು ಮಂದಿರದ ಮುಂಬಾಗಿಲ ನಲ್ಲಿಗೆ ಹೋದ. ತಂದು ಇಳಿಸಿ, ಮತ್ತೆ ಹೋದ. ಮನೆಯಲ್ಲಿದ್ದ ಪಾತ್ರೆಗಳೆಲ್ಲ ತುಂಬಿದ ಮೇಲೂ ಹೋದ. ಕೊನೆಗೆ ಬಾಗಿಲಲ್ಲಿ ಕೂತು, "ದೊಡ್ಡ ಬ್ಯಾಟರಿ ಎಳ್ಕೊಂಡು ಬಂದಿದ್ದು ನಾನಲ್ವಾ" ಎಂದ. "ಡಿಪೋದಲ್ಲಿ ಬ್ಯಾಟರಿ ಮುಟ್ಟಿದ್ರೆ ಸೋಪು ಹಾಕಿ ಕೈ ತೊಳೀರಿ ಅಂತ ಬೋರ್ಡು ಹಾಕಿದ್ದಾರೆ. ದಿನಾ ಓದ್ತೀನಿ." ಅಷ್ಟೇ ಅವನು ಮಾತಾಡಿದ್ದು.

ಅತ್ತೆ ಮಾತ್ರ ಜೋರಾಗಿದ್ದರು. "ಐವತ್ತು ವರ್ಷ ಕುಡಿದಿದ್ದೀನಿ, ಗುಂಡುಕಲ್ಲಿನ ಹಾಗಿದ್ದೀನಿ. ಏನೂ ಆಗಲ್ಲ ಸುಮ್ನಿರಿ." ಆದರೆ ಗುಬ್ಬಿ ಪಕ್ಕದಲ್ಲಿ ಹಾದುಹೋದಾಗಲೆಲ್ಲ ಅವಳ ಕೈ ಹಿಡಿದು ನಿಲ್ಲಿಸಿ, ಬೆರಳು ಸವರಿ, ಬಿಡುತ್ತಿದ್ದರು.

ಅವಳು ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಹಿಂದೆ ಲೆಕ್ಕಕ್ಕೇ ಇಲ್ಲದವೆಲ್ಲ ಈಗ ಸಾಲಾಗಿ ಬಂದು ನಿಂತವು. ಹೋದ ಚಳಿಗಾಲದಲ್ಲಿ ವಾರವಿಡೀ ಹೊಟ್ಟೆನೋವು ಅಂದಿದ್ದಳಲ್ಲ? ಏಳರ ಮಗ್ಗಿ ಇವತ್ತು ಬಂದರೆ ನಾಳೆ ಮರೆಯುತ್ತಾಳಲ್ಲ? ಪಕ್ಕದ ಬೀದಿಯ ಅದೇ ವಯಸ್ಸಿನ ಹುಡುಗಿ ಇವಳಿಗಿಂತ ಒಂದು ಗೇಣು ಎತ್ತರ ಅಲ್ಲವೇ? ಮಗು ನಿದ್ದೆಗೆ ಜಾರಿದ ಮೇಲೆ ಉಗುರು ನೋಡಿದಳು, ಒಸಡು ನೋಡಿದಳು. ಏನನ್ನು ಹುಡುಕುತ್ತಿದ್ದೇನೆ ಎಂದು ಅವಳಿಗೇ ತಿಳಿದಿರಲಿಲ್ಲ. ಬೆಳಿಗ್ಗೆ ಹಜಾರ ಗುಡಿಸುವಾಗ ಹೊಸ ದೀಪಗಳ ಬಿಳಿ ಬೆಳಕಿನಲ್ಲಿ ನಿಂತು ಪ್ರಾರ್ಥಿಸಲು ಹೋದರೆ ಮಾತು ಬರಲಿಲ್ಲ. ಏನೆಂದು ಕೇಳುವುದು? ನಿನಗೆ ಮರ್ಯಾದೆ ಕೊಡಲು ಹೋಗಿ ನನ್ನ ಮಗುವಿಗೆ ಏನು ಕುಡಿಸಿದೆನೋ, ನೋಡಿಕೋ ಎಂದೇ?

ಕಮಿಟಿಯ ಹಿರಿಯರು ಬಂದು ಬಾವಿಯ ಸುತ್ತ ತಂತಿ ಕಟ್ಟಿಸಿದರು. "ಕೋಣೆ ವಿಷಯ ಆಮೇಲೆ ಕೂತು ಮಾತಾಡೋಣ" ಎಂದರು. ವಾರದ ಹಿಂದೆ ಆ ಮಾತು ಅವಳ ಪ್ರಾಣ ತೆಗೆಯುತ್ತಿತ್ತು. ಈಗ "ಆಗಲಿ" ಎಂದಳು, ಅಷ್ಟೇ.

ಇದೆಲ್ಲದರ ನಡುವೆ ಗುಬ್ಬಿಯ ಒಂದು ಮಾತು ಬೆನ್ನು ಬಿಡದೆ ಹಿಂದೆ ಬರುತ್ತಿತ್ತು.

"ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಕೇಳುವಂತೆ, ಈಗ ತಲೆ ಬಾಚಬೇಕು."

ಬಾಚುವಾಗ ಅವಳ ಬೆರಳು ನಡುಗಿ ಜಡೆ ಎರಡು ಸಲ ಬಿಚ್ಚಿಹೋಯಿತು. ಗುಬ್ಬಿ ಕನ್ನಡಿಯಲ್ಲಿ ಆ ಬೆರಳುಗಳನ್ನೇ ನೋಡುತ್ತಿದ್ದಳು.

"ಅಮ್ಮಾ, ಒಂದು..."

"ಬೇಗ ತಿನ್ನು ಕಂದ, ಹೊತ್ತಾಯ್ತು."

ಊಟಕ್ಕೆ ಬಡಿಸುವಾಗ ಸೌಟು ತಟ್ಟೆಗೆ ತಾಗಿ ಕಟಕಟ ಎಂದಿತು. ಗುಬ್ಬಿ ತಟ್ಟೆ ಬಿಟ್ಟು ಸೌಟನ್ನೇ ನೋಡಿದಳು. ಮಗುವಿನ ಬಾಯಲ್ಲಿ ಏನು ಪ್ರಶ್ನೆ ಇದೆ ಎಂದು ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ನನಗೇನಾಗುತ್ತೆ ಅಮ್ಮಾ ಎಂದು ಕೇಳುತ್ತಾಳೆ. ಇಲ್ಲವೇ, ಯಾಕೆ ಹಾಗೆ ಮಾಡಿದೆ ಎಂದು. ಎರಡಕ್ಕೂ ಅವಳ ಬಳಿ ಉತ್ತರ ಇರಲಿಲ್ಲ. ಅದಕ್ಕೇ ಮಗಳು ಬಾಯಿ ತೆರೆದಾಗಲೆಲ್ಲ ಅವಳಿಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಮನೆಯಲ್ಲಿ ಕೆಲಸಕ್ಕೆ ಬರವೇ?

ನಾಲ್ಕನೆಯ ದಿನ ಮಧ್ಯಾಹ್ನ ಮೇಷ್ಟ್ರು ಬಂದರು. ಗೇಟು ತೆರೆದ ರೀತಿಯಲ್ಲೇ ಅವಳಿಗೆ ಅರ್ಧ ತಿಳಿಯಿತು. ಯಾವಾಗಲೂ ಮಾತಾಡುತ್ತಲೇ ಒಳಗೆ ಬರುವವರು ಸದ್ದಿಲ್ಲದೆ ಬಂದು, ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿಕೊಂಡರು.

"ಬಾವಿ ನೀರು ಕೆಟ್ಟಿದೆ. ಅದು ಗೊತ್ತಿದ್ದದ್ದೇ."

"ಪಂಪಿಂದು ಸಾರ್?"

"ಪಂಪಿಂದು..." ಕಾಗದ ಮಡಚಿದರು. "ಅಷ್ಟಿಲ್ಲ. ಆದ್ರೆ ಸೀಸ ಇದೆ. ಇರಬೇಕಾದ ಮಿತಿಗಿಂತ ಸ್ವಲ್ಪ ಮೇಲೆ."

"ಸ್ವಲ್ಪ ಅಂದ್ರೆ?"

"ಸ್ವಲ್ಪ ಅಂದ್ರೆ ಸ್ವಲ್ಪನೇ. ಹೆದರಿಸೋಕೆ ಹೇಳ್ತಿಲ್ಲಮ್ಮಾ. ಆದ್ರೆ ಸೀಸ ದೊಡ್ಡವರಿಗಿಂತ ಮಕ್ಕಳಿಗೆ ಕೆಟ್ಟದ್ದು. ಗುಬ್ಬಿಯ ರಕ್ತ ಒಂದು ಸಲ ನೋಡಿಸಿಬಿಡೋಣ. ಡಾಕ್ಟರ ಹತ್ರ ಮಾತಾಡಿದ್ದೀನಿ, ನಾಳೆ ಬೆಳಿಗ್ಗೆ ಬನ್ನಿ ಅಂದಿದ್ದಾರೆ. ನಾನೂ ಬರ್ತೀನಿ."

ಅವಳು ತಲೆಯಾಡಿಸಿದಳು. ಒಳಗಿನಿಂದ ಅತ್ತೆ, "ಏನಂತೆ? ಏನಂತೆ?" ಎಂದು ಕೂಗುತ್ತಲೇ ಇದ್ದರು. ಅವಳಿಗೆ ಅದನ್ನು ಕೂಗಿ ಹೇಳುವ ಶಕ್ತಿ ಇರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಅವರ ನಂಬರು ಹದಿನೇಳು. ಉದ್ದನೆಯ ಕಾರಿಡಾರು, ಗೋಡೆಗೆ ಒರಗಿಸಿದ ಕಬ್ಬಿಣದ ಬೆಂಚು, ನೆಲ ಒರೆಸಿದ ಫಿನಾಯಿಲ್ ವಾಸನೆ. ಇಲ್ಲಿ ಯಾರು ಒರೆಸುತ್ತಾರೋ, ಮೂಲೆಯಲ್ಲಿ ಕೈ ಆಡಿಸಿಲ್ಲ ಎಂದು ಅವಳ ಕಣ್ಣು ತನ್ನಷ್ಟಕ್ಕೆ ನೋಡಿತು. ಮೇಷ್ಟ್ರು ಎದುರು ಬೆಂಚಿನಲ್ಲಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗುಬ್ಬಿ ಕಾಲು ಆಡಿಸುತ್ತಿರಲಿಲ್ಲ. ಗುಬ್ಬಿ ಕೂತಲ್ಲಿ ಕಾಲು ಆಡಿಸದೆ ಇದ್ದದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ಸೂಜಿ ಅಂದ್ರೆ ಇರುವೆ ಕಚ್ಚಿದ ಹಾಗೆ, ಅಷ್ಟೇ" ಎಂದಳು ಮಗಳ ತಲೆ ಸವರುತ್ತಾ.

"ಗೊತ್ತು."

"ಹೆದರಿಕೆ ಆಗುತ್ತಾ?"

ಗುಬ್ಬಿ ಹೌದು ಎಂದು ತಲೆಯಾಡಿಸಿದಳು. ಆಮೇಲೆ, "ಸೂಜಿಗಲ್ಲ" ಎಂದಳು.

ಮುಂದೆ ಏನು ಎಂದು ಕೇಳುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ "ಹದಿನೇಳು" ಎಂದು ಕರೆದರು.

ನರ್ಸಮ್ಮ ದಪ್ಪಗಿನವಳು, ನಗುಮುಖದವಳು. "ಬಾ ಪುಟ್ಟಿ, ಜಾಣೆ ತಾನೆ ನೀನು? ಅಮ್ಮನ ತೊಡೆ ಮೇಲೆ ಕೂತ್ಕೋ. ದೊಡ್ಡವಳಾಗಿದ್ದೀಯ, ಆದ್ರೂ ಇವತ್ತೊಂದು ದಿನ ಪರವಾಗಿಲ್ಲ" ಎಂದಳು. ಮಗು ತೊಡೆಯೇರಿತು. ಎಷ್ಟು ಭಾರವಾಗಿದ್ದಾಳೆ ಎಂದುಕೊಂಡಳು ತಾಯಿ, ಮರುಕ್ಷಣವೇ ಎಷ್ಟು ಹಗುರ ಎಂದೂ ಅನ್ನಿಸಿತು. ನರ್ಸಮ್ಮ ಸಣ್ಣ ತೋಳಿಗೆ ರಬ್ಬರು ಪಟ್ಟಿ ಬಿಗಿದು, ಹತ್ತಿಯಲ್ಲಿ ಒರೆಸಿದಳು. ಮಗಳ ಮುಷ್ಟಿ ಹಿಡಿದುಕೊಂಡಿದ್ದ ತಾಯಿಯ ಕೈ ನಡುಗುತ್ತಿತ್ತು. ನಿಲ್ಲಿಸಲು ನೋಡಿದಳು, ನಿಲ್ಲಲಿಲ್ಲ. ಸೂಜಿ ಒಳಗೆ ಹೋಯಿತು. ಗುಬ್ಬಿ ಕಮಕ್ ಕಿಮಕ್ ಅನ್ನಲಿಲ್ಲ. ಸೂಜಿಯ ಕಡೆ, ಕೊಳವೆಯಲ್ಲಿ ಏರುತ್ತಿದ್ದ ರಕ್ತದ ಕಡೆ ನೋಡಲೂ ಇಲ್ಲ. ತನ್ನ ಮುಷ್ಟಿಯ ಮೇಲಿದ್ದ ತಾಯಿಯ ಕೈಯನ್ನೇ ನೋಡುತ್ತಿದ್ದಳು, ಕನ್ನಡಿಯಲ್ಲಿ ನೋಡಿದ ಹಾಗೆ, ಸೌಟನ್ನು ನೋಡಿದ ಹಾಗೆ.

"ಆಯ್ತು, ಮುಗೀತು! ನೋಡು, ಏನೂ ಆಗಲಿಲ್ಲ" ಎಂದು ನರ್ಸಮ್ಮ ಹತ್ತಿಯ ಉಂಡೆ ಒತ್ತಿಟ್ಟು, ಶೀಶೆಯ ಮೇಲೆ ಹೆಸರು ಬರೆದು, ಮುಂದಿನವರನ್ನು ಕರೆಯಲು ಬಾಗಿಲ ಕಡೆ ತಿರುಗಿದಳು.

ಗುಬ್ಬಿ ತೊಡೆಯಿಂದ ಇಳಿಯಲಿಲ್ಲ. ಮಡಚಿದ ತೋಳನ್ನು ಎದೆಗೆ ಒತ್ತಿಕೊಂಡೇ, ಇನ್ನೊಂದು ಕೈಯಿಂದ ತಾಯಿಯ ನಡುಗುವ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಐದು ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದನ್ನು, ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರಿಗೂ ನರ್ಸಮ್ಮನಿಗೂ ಕೇಳುವಷ್ಟು ಜೋರಾಗಿ ಕೇಳಿದಳು:

"ಅಮ್ಮಾ, ನೀನು ನನಗಿಂತ ಜಾಸ್ತಿ ದಿನ ಅದೇ ನೀರು ಕುಡಿದಿದ್ದೀಯಲ್ಲ, ನಿನ್ನ ರಕ್ತ ಯಾಕೆ ಯಾರೂ ನೋಡ್ತಿಲ್ಲ?"